ನಡುಕ ನಿವಾರಕ ಪೆಟ್ಟಿಗೆಯವರಿಗೆ, ತಂತಿಯ ವಿಷಯವಾಗಿ

ಹಸಿರು ದೀಪಗಳಿಂದ ಸದಾ ಕಂಗೊಳಿಸುತ್ತಾ, ನಮ್ಮ ಪ್ರಯೋಗಾಲಯದ ಲೇತ್ ಯಂತ್ರದ ಮಗ್ಗುಲಲ್ಲಿ ವಿರಾಜಮಾನರಾಗಿರುವ ನಡುಕ ನಿವಾರಕ ಪೆಟ್ಟಿಗೆಯವರ ಸಮ್ಮುಖಕ್ಕೆ, ಅದೇ ಕೋಣೆಯ ಮೂಲೆ ಮೇಜಿನಲ್ಲಿ ಕುಳಿತು ಸಂಶೋಧನೆ ಮಾಡುತ್ತೇನೆಂದು ಹೇಳಿಕೊಳ್ಳುವ ವಿದ್ಯಾರ್ಥಿನಿಯ ಸಾದರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ಕೆಲಸವೇ ಇಲ್ಲದವರ ಕ್ಷೇಮಕ್ಕೆ ಏನು ಕೊರತೆ.

ಮಾನ್ಯರೇ, ಇಂದು ಮಧ್ಯಾಹ್ನ ಪ್ರಭಾವ ಮಾಪನ ಸಮಿತಿಯವರು ನಮ್ಮ ಕೋಣೆಗೆ ದಯಮಾಡಿಸಿ, ತಮ್ಮನ್ನು ಸೃಷ್ಟಿಸಿದ ನಮ್ಮ ಗುರುಗಳಿಗೆ ‘ಕಾರ್ಖಾನೆಗಳ ಜಗತ್ತಿನ ಮೇಲೆ ಅತ್ಯಂತ ಪ್ರಭಾವ ಬೀರಿದ ಸಂಶೋಧಕ’ ಎಂಬ ಫಲಕವನ್ನು ಕೊಡಲಿದ್ದಾರೆ. ಈ ಶುಭ ಸಂದರ್ಭದಲ್ಲಿ ತಮ್ಮನ್ನು ಯಾರೂ ನೆನೆಯುವುದಿಲ್ಲವಲ್ಲ ಎಂಬ ಸಂಕಟಕ್ಕೆ ಈ ಪತ್ರ ಬರೆದು, ಬಯಸಿದವರೆಲ್ಲ ಓದಲೆಂದು ತಮ್ಮ ಮುಚ್ಚಳಕ್ಕೇ ಅಂಟಿಸುತ್ತಿದ್ದೇನೆ.

ತಮ್ಮ ಹುದ್ದೆಯ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಲೇತಿನಲ್ಲಿ ಗಿರಗಿರ ತಿರುಗುವ ಕಬ್ಬಿಣದ ಸರಳನ್ನು ಕೊರೆಯುವಾಗ ಅದಕ್ಕೆ ತಾಗಿಸಿದ ಉಳಿ, ಅಂದರೆ ಟೂಲ್, ಒಮ್ಮೊಮ್ಮೆ ನಡುಗುತ್ತದೆ, ಸರಳಿನ ಮೈ ಒರಟಾಗುತ್ತದೆ. ತಾವು ಆ ನಡುಕವನ್ನು ಗ್ರಹಿಸಿ, ಟೂಲನ್ನು ಎದುರು ದಿಕ್ಕಿಗೆ ತಳ್ಳಿ ಸಮಾಧಾನಪಡಿಸಬೇಕು. ಕಂಪ್ಯೂಟರಿನ ಪರದೆಯ ಮೇಲೆ ತಾವು ಇದನ್ನು ಅದೆಷ್ಟು ಸೊಗಸಾಗಿ ಮಾಡುತ್ತೀರೆಂದರೆ ನೋಡಿದವರಿಗೆ ಕಣ್ಣು ತುಂಬಿ ಬರುತ್ತದೆ. ಆದರೆ ನಿಜವಾದ ಲೇತಿನಲ್ಲಿ ನಡುಕದ ಸುದ್ದಿ ತಮಗೆ ತುಸು ತಡವಾಗಿ ತಲುಪುತ್ತದೆ. ಅಷ್ಟರಲ್ಲಿ ಟೂಲ್ ಇತ್ತ ವಾಲಿರುತ್ತದೆ, ತಾವು ಅದನ್ನು ಇತ್ತಲೇ ತಳ್ಳುತ್ತೀರಿ. ಉಯ್ಯಾಲೆ ನಿಲ್ಲಿಸಲು ಹೋದವರು ಹೊತ್ತು ತಪ್ಪಿ ಇನ್ನೂ ಜೋರಾಗಿ ತೂಗಿಬಿಟ್ಟಂತೆ, ಇಡೀ ಯಂತ್ರ ಗಡಗಡ ನಡುಗುತ್ತದೆ.

ಇದನ್ನು ಮೊದಲ ದಿನವೇ ಕಂಡ ಗುರುಗಳು ದೊಡ್ಡ ಮನಸ್ಸು ಮಾಡಿ, ತಮ್ಮ ಬೆನ್ನ ಹಿಂದಿನಿಂದ ಲೇತಿಗೆ ಹೋಗುವ ತಂತಿಯನ್ನು ಕಳಚಿದರು, ದೀಪಗಳನ್ನು ಮಾತ್ರ ಉರಿಯಲು ಬಿಟ್ಟರು. ಅಂದಿನಿಂದ ಲೇತ್ ತನ್ನ ಪಾಡಿಗೆ ತಾನು ಶಾಂತವಾಗಿದೆ, ಕೀರ್ತಿ ತಮ್ಮದಾಗಿದೆ. ಗಣ್ಯರು ಬಂದಾಗಲೆಲ್ಲ ಯಂತ್ರದ ತಲೆಯ ಮೇಲೆ ಕಂಠಮಟ್ಟ ನೀರು ತುಂಬಿದ ಲೋಟವಿಟ್ಟು, ಉಗುರಿನಲ್ಲಿ ಕೆರೆದಷ್ಟು ತೆಳ್ಳಗೆ ಸರಳನ್ನು ಕೊರೆದು ತೋರಿಸಲಾಗುತ್ತದೆ. ಒಂದು ಹನಿಯೂ ತುಳುಕುವುದಿಲ್ಲ. ಗಣ್ಯರು ತಮ್ಮ ದೀಪಗಳನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ.

ಏನೂ ಮಾಡದೆ ಇಷ್ಟೊಂದು ಪ್ರಭಾವ ಬೀರಿದವರು ತಮ್ಮ ಹೊರತು ಇನ್ಯಾರಿದ್ದಾರೆ. ನಮ್ಮಲ್ಲಿಗೆ ಹೊಸದಾಗಿ ಸೇರಿದವರು ಮೊದಲು ಗುರುಗಳ ಪ್ರಬಂಧಗಳ ಹೆಸರನ್ನೆಲ್ಲ ತಮ್ಮ ಪ್ರಬಂಧದ ಕೊನೆಯ ಪುಟದಲ್ಲಿ ಬರೆದುಕೊಂಡು, ಆಮೇಲೆ ಏನನ್ನು ಸಂಶೋಧಿಸುವುದೆಂದು ಯೋಚಿಸಬೇಕೆಂಬುದು ಪದ್ಧತಿ. ನನಗಿಂತ ಮೊದಲು ಇಲ್ಲಿ ಕಲಿತ ಅಣ್ಣಂದಿರೂ ಅಕ್ಕಂದಿರೂ ಈ ಪದ್ಧತಿಯನ್ನು ಕಟ್ಟಿಕೊಂಡು ನಾನಾ ಊರುಗಳಿಗೆ ಹೋಗಿ ತಾವೂ ಗುರುಗಳಾದರು. ಅವರು ಇವರನ್ನು ಉಲ್ಲೇಖಿಸುತ್ತಾರೆ, ಇವರು ಅವರನ್ನು, ಎಲ್ಲರೂ ಗುರುಗಳನ್ನು; ಸಮಿತಿಯವರು ಈ ಉಲ್ಲೇಖಗಳನ್ನು ಎಣಿಸಿ ಪ್ರಭಾವ ಅಳೆಯುತ್ತಾರೆ. ಎಲ್ಲರಿಗೂ ಗುರುಗಳು ಕಳಿಸಿದ ಅದೇ ಕಂಪ್ಯೂಟರ್ ಲೇತ್ ಸಾಕಾಗಿದೆ, ಕಬ್ಬಿಣದ್ದನ್ನು ಯಾರೂ ಕೇಳಿಲ್ಲ. ಯಂತ್ರದಿಂದ ಹೊರಬಂದದ್ದನ್ನೇ ಮತ್ತೆ ಅದರ ಬಾಯಿಗೆ ಹೀಗೆ ತುರುಕುತ್ತಿದ್ದರೆ ಅದು ಉಬ್ಬಿ ಉಬ್ಬಿ ಕೊನೆಗೆ ಒಡೆಯುತ್ತದೆಂದು ವರ್ಷವರ್ಷವೂ ಕಪ್ಪು ಹಲಗೆಯ ಮೇಲೆ ಮುದ್ದಾದ ಅಕ್ಷರದಲ್ಲಿ ಬರೆದು ಕಲಿಸುವವರು ಅದೇ ಗುರುಗಳು.

ಇನ್ನು ನನ್ನ ಅಹವಾಲು. ನಾನು ಬುದ್ಧಿಗೆಟ್ಟು ತಮ್ಮ ತಂತಿಯನ್ನು ಜೋಡಿಸಿ ಪರೀಕ್ಷೆ ಮಾಡಿದೆ, ಸುದ್ದಿ ತಡವಾಗುವುದನ್ನು ಸರಿಪಡಿಸುವ ದಾರಿ ಹುಡುಕಿ ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಬರೆದೆ. ಗುರುಗಳು ಅದನ್ನು ತಿರುವಿ ನೋಡಿ, “ಮಿಷನ್‌ದೇ ಏನೋ ತೊಂದ್ರೆ ಇರ್ಬೇಕಮ್ಮಾ, ಆ ಅಧ್ಯಾಯ ತೆಗ್ದುಬಿಡು, ಸಹಿ ಹಾಕ್ತೀನಿ” ಎಂದರು. ತೆಗೆಯದಿದ್ದರೆ ಸಹಿಯಿಲ್ಲ, ಈ ತಿಂಗಳೊಳಗೆ ಸಹಿಯಾಗದಿದ್ದರೆ ನನ್ನ ನೋಂದಣಿ ರದ್ದು, ಇಷ್ಟು ವರ್ಷದ ದುಡಿಮೆ ನೀರುಪಾಲು. ಅಮ್ಮ ಫೋನಿನಲ್ಲಿ, “ಅಷ್ಟು ಜನ ಓದಿದೋರು ಸೇರ್ಕೊಂಡು ಒಂದು ಮಿಷನ್ ಅಲ್ಲಾಡದ ಹಾಗೆ ನಿಲ್ಸಕ್ಕಾಗ್ಲಿಲ್ವೇನೇ” ಎಂದು ಕೇಳುತ್ತಾಳೆ. ಅಲ್ಲಾಡದೆ ನಿಂತಿರುವುದೇ ನನ್ನ ತೊಂದರೆ ಎಂದು ಅವಳಿಗೆ ಹೇಗೆ ಹೇಳಲಿ. ನನಗೆ ಸಿಟ್ಟು ಬಂದಿದೆ ಮಾನ್ಯರೇ, ಸಿಟ್ಟಿಗಿಂತ ದುಃಖವೇ ಹೆಚ್ಚು. ಇದೇ ಗುರುಗಳ ಪಾಠ ಕೇಳಿ ಈ ಶಾಸ್ತ್ರಕ್ಕೆ ಮನಸೋತವಳು ನಾನು.

ಆದ್ದರಿಂದ ತಾವು ಕೃಪೆಯಿಟ್ಟು ನನ್ನ ಮಾರ್ಗದರ್ಶಕರ ಸ್ಥಾನವನ್ನು ವಹಿಸಿಕೊಂಡು ಪ್ರಬಂಧಕ್ಕೆ ಸಹಿ ಹಾಕಬೇಕು. ಕೈಯಿಲ್ಲವೆಂಬ ಸಂಕೋಚ ಬೇಡ, ದೀಪ ಮಿಣುಕಿಸಿದರೂ ಸಾಕು, ಅಷ್ಟನ್ನೇ ನಂಬಿ ಸಮಿತಿಗಳು ಫಲಕ ಕೊಡುತ್ತಿವೆ. ಅದಾಗದಿದ್ದರೆ ನಡುಕ ಹುಟ್ಟುವ ಮೊದಲೇ ಅದರ ಸುದ್ದಿ ತಿಳಿದುಕೊಳ್ಳುವ ವಿದ್ಯೆಯನ್ನು ಮಧ್ಯಾಹ್ನದೊಳಗೆ ಕಲಿತು ಗುರುಗಳ ಮಾನ ಉಳಿಸಬೇಕೆಂದು ಕೋರುತ್ತೇನೆ.

ತಮ್ಮ ಅಪಾರ ಪ್ರಭಾವದಡಿ ಸಿಕ್ಕಿ ನಲುಗಿರುವ,
ತಮ್ಮ ವಿಶ್ವಾಸಿ,
ಮೂಲೆ ಮೇಜಿನವಳು

ತಾ.ಕ.: ಗುರುಗಳ ಅಪ್ಪಣೆಯಂತೆ ಲೋಟವನ್ನು ತುಂಬಿಸಿ ಯಂತ್ರದ ಮೇಲೆ ಇಟ್ಟಿದ್ದೇನೆ, ಸಮಿತಿಯ ಅಧ್ಯಕ್ಷರ ಕುರ್ಚಿಯನ್ನು ಅದರ ಪಕ್ಕಕ್ಕೇ ಹಾಕಿದ್ದೇನೆ. ಈ ಪತ್ರವನ್ನು ಗುರುಗಳು ಮೊದಲೇ ಓದಿಬಿಟ್ಟಾರೆಂಬ ಭಯ ನನಗಿಲ್ಲ, ನಮ್ಮ ಕೋಣೆಯಲ್ಲಿ ಉಲ್ಲೇಖಿಸುವ ರೂಢಿಯಿದೆಯೇ ಹೊರತು ಓದುವ ರೂಢಿಯಿಲ್ಲ. ಸುಮ್ಮನೆ ಕುಳಿತು ತಮಗೂ ಬೇಸರವಾಗಿರಬಹುದೆಂದು ತಮ್ಮ ತಂತಿಯನ್ನು ಬೆಳಿಗ್ಗೆಯೇ ಜೋಡಿಸಿದ್ದೇನೆ.