ಕಾಕಾರಿಗೆ ಕೋಟೆ ತೋರಿಸಿದ್ದು

ನಾನು ತಿಳಿದವನ ಹಾಗೆ ಬಾಯಿ ತೆಗೆದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ನಾಲ್ಕು ತಿಂಗಳು ಮಸಗುಪ್ಪಿಯಲ್ಲಿ ಟ್ರ್ಯಾಕ್ಟರ್ ಹೊಡೆದರೆ ಇನ್ನು ನಾಲ್ಕು ತಿಂಗಳು ಗೋಕಾಕದಲ್ಲಿ ಕರದಂಟಿನ ಅಂಗಡಿ. ಕಾಲು ನಿಲ್ಲುವುದಿಲ್ಲ, ಏನು ಮಾಡುವುದು?

ಕೊಣ್ಣೂರಿನ ಹುಡುಗಿಯನ್ನು ನೋಡಿ ಬಂದೆ. ಹುಡುಗಿ ಒಪ್ಪಿದಳು. ಅವಳ ಕಾಕಾ ಒಪ್ಪಲಿಲ್ಲ. "ಒಂದೂರಾಗ ನಿಂದರದ ವರಕ್ಕ ಕನ್ಯಾ ಹೆಂಗ ಕೊಡೂದು?" ಅಂದರು.

"ತಿರುಗಾಡಿ ಎಷ್ಟು ತಿಳ್ಕೊಂಡೇನಿ, ನೀವ ನೋಡ್ರಿ," ಅಂದು ಒಂದು ಐತವಾರ ಇಬ್ಬರನ್ನೂ ಹುಕ್ಕೇರಿ ಕಡೆಯ ಗುಡ್ಡದ ಮೇಲಿನ ಹಾಳು ಕೋಟೆಗೆ ಕರೆದುಕೊಂಡು ಹೋದೆ.

ಕುದುರೆಯ ಗೋದಲಿ

ಕೋಟೆಯ ಅಗಸಿ ಬಾಗಿಲು ದಾಟಿದೊಡನೆ ನೆಲದಲ್ಲಿ ಕಲ್ಲಿನ ದುಂಡನೆಯ ಕಾಲುವೆ, ಅದರೊಳಗೊಂದು ಕಲ್ಲಿನ ಗಾಲಿ.

"ಇದು ರಾಜನ ಕುದರಿ ಮೇವು ತಿನ್ನೂ ಗೋದಲಿ ರೀ. ಸುತ್ತ ನಿಂತು ತಿಂತಿದ್ದುವು."

ಕಾಕಾ ಕೂತು ಉಗುರಿನಿಂದ ಕೆರೆದು ನೋಡಿದರು. "ಸುಣ್ಣಾ ಅರಿಯೂ ಗಾಣ ಇದು. ನಿಮ್ಮ ರಾಜನ ಕುದರಿ ಸುಣ್ಣಾ ತಿಂತಿದ್ದುವೇನಪಾ?"

ಸೋಲುವವನೇ ನಾನು? "ಎಲಿ-ಅಡಿಕಿ ಜೋಡಿ ತಿಂತಿರಬೇಕ್ರಿ," ಅಂದೆ.

ಗೋಡೆಯ ಮೇಲಿನ ಹೆಸರು

ಬುರುಜಿನ ಗೋಡೆಯ ತುಂಬ ಹೆಸರುಗಳು.

"ಇಂಥಾ ಹಳೇ ಗ್ವಾಡಿ ಹೊಲಸು ಮಾಡಾವ್ರನ್ನ ಕಟ್ಟಿ ಹಾಕಿ ಬಡೀಬೇಕ್ರಿ," ಅಂತ ಭಾಷಣ ಸುರು ಮಾಡಿದೆ. ಕಾಕಾ ಮೊದಲ ಸಲ ಮೆಚ್ಚಿ ತಲೆ ಆಡಿಸಿದರು.

ಹುಡುಗಿ ಮಾತ್ರ ಗೋಡೆ ಓದುತ್ತಿದ್ದಳು. ಕೆಂಪು ಬಣ್ಣದಲ್ಲಿ ಅಂಗೈ ಅಗಲದ ಅಕ್ಷರ. ನನ್ನ ಹೆಸರು, ನನ್ನ ಅಡ್ಡಹೆಸರು, ಕೆಳಗೆ ನನ್ನೂರು ಮೂಡಲಗಿ.

"ನಿಮ್ಮ ಹೆಸರಿನವ್ರು ನಿಮ್ಮೂರಾಗ ಇನ್ನೊಬ್ರು ಅದಾರೇನ್ರಿ?"

"ಅದಾನ್ರಿ," ಅಂದೆ. "ಭಾಳ ಉಡಾಳ ಅದಾನ ಅಂವ."

ಸುರಂಗ

ಮೇಲಿನ ಬಯಲಿನಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟು ದುಂಡನೆಯ ಬಾಯಿ.

"ಇದು ಸುರಂಗ. ಸೀದಾ ಘಟಪ್ರಭಾ ದಂಡಿಗೆ ಹೋಗತೈತ್ರಿ. ಅರ್ಧಾ ದಾರಿ ನಾನ ಹೋಗಿ ಬಂದೇನಿ."

ಕಾಕಾ ಬಗ್ಗಿ ನೋಡಿದರು. "ಹಗೇವು ಇದು. ನಮ್ಮಪ್ಪ ಇಂಥಾದ್ರಾಗನ ಜ್ವಾಳ ತುಂಬಿಡ್ತಿದ್ದ. ಕೆಳಗ ದಾರಿ ಎಲ್ಲಿಂದ ಬರಬೇಕು?"

ಹುಡುಗಿಯ ಮುಂದೆ ಮೂರನೇ ಸಲ ಸೋಲಲು ಮನಸ್ಸು ಬರಲಿಲ್ಲ. "ನೋಡ್ರಿ ಹಂಗಾರ," ಅಂದು ಹಾರಿಯೇಬಿಟ್ಟೆ.

ಕಾಕಾ ಹೇಳಿದ್ದು ಖರೆ. ಗಡಿಗೆಯ ಹಾಗೆ ಮೇಲೆ ಸಣ್ಣ ಬಾಯಿ, ಕೆಳಗೆ ದೊಡ್ಡ ಹೊಟ್ಟೆ. ಎರಡಾಳು ಆಳ. ಹತ್ತಲು ಒಂದು ಹಿಡಿ ಇಲ್ಲ.

"ಘಟಪ್ರಭಾ ಬಂತೇನಪಾ?" ಮೇಲಿನಿಂದ ಕಾಕಾ ಕೇಳಿದರು.

ಕಡೆಗೆ ಪಾಪ ಅನಿಸಿ, ತಲೆಯ ರುಮಾಲು ಬಿಚ್ಚಿ ಇಳಿಬಿಟ್ಟರು. ನಾನು ತುದಿ ಹಿಡಿದೆ. ಅಷ್ಟರಲ್ಲಿ ಹುಡುಗಿಯ ದನಿ:

"ಕಾಕಾ, ಈಗ ಎಳೀಬ್ಯಾಡ್ರಿ. ಕೇಳೂದೆಲ್ಲಾ ಈಗ ಕೇಳ್ರಿ. ಮ್ಯಾಲ ಬಂದ್ರ ಕೈಗೆ ಸಿಗೂದಿಲ್ಲ."

ಕಾಕಾ ಹಗೇವಿನ ದಂಡೆಗೆ ಆರಾಮಾಗಿ ಕೂತರು.

"ಮದಿವಿ ಆದಮ್ಯಾಲ ಯಾವೂರಾಗ ಇರಾಂವ?"

"ನೀವು ಹೇಳಿದ ಊರಾಗ್ರಿ!"

"ಕೆಲಸಾ?"

"ನೀವು ಹಚ್ಚಿದ್ದ ರೀ!"

"ನಡುವ ಬಿಟ್ಟು ಹ್ವಾದ್ರ?"

"ಎಲ್ಲಿಗೂ ಹೋಗಂಗಿಲ್ಲ, ಮೊದಲ ಎಳೀರಿ ಕಾಕಾರ!"

ಇಬ್ಬರೂ ಸೇರಿ ಎಳೆದರು. ನಾನು ಮೈಮೇಲಿನ ಮಣ್ಣು ಝಾಡಿಸುತ್ತಿದ್ದಾಗ ಕಾಕಾ ರುಮಾಲು ಸುತ್ತಿಕೊಳ್ಳುತ್ತ ಹುಡುಗಿಗೆ ಅಂದರು:

"ವರಾ ಛಲೋ ಅದಾನವಾ, ಪಕ್ಕಾ ಮಾಡೋಣು. ಆದ್ರ ಮದಿವಿಗಿಂತ ಮೊದಲ ಇವರ ಮನ್ಯಾಗ ಒಂದು ಹಗೇವು ತಗಸಬೇಕು."