ಆಮೆಗಳಿಗೆ ಕಟ್ಟಿಸಿದ ಗೋಡೆ

ನಮ್ಮ ಮನೆಯಲ್ಲಿ ಯಾರೂ ಜಗಳ ಆಡುವುದಿಲ್ಲ. ಹಾಗಂತ ಹತ್ತು ಜನರ ಮುಂದೆ ಹೇಳಿಕೊಳ್ಳುವ ಮನೆಗಳಲ್ಲೇ ಈಗ ಹೇಳಹೊರಟಿರುವಂಥ ಪ್ರಸಂಗಗಳು ಮುಗಿಯುವುದಿಲ್ಲ. ಪುಣೆಯಲ್ಲಿ ಅಣ್ಣನಿಗೂ ನನಗೂ ಒಂದೇ ಬಟ್ಟೆ ಅಂಗಡಿ, ಒಂದೇ ಮನೆ, ಒಂದೇ ಹಿತ್ತಲು. ಅಂಗಡಿ ತೆರೆದ ವರ್ಷ ಶುಭವಾಗಲಿ ಎಂದು ಅಣ್ಣ ಅಂಗೈ ಅಗಲದ ಎರಡು ಆಫ್ರಿಕಾದ ಆಮೆ ತಂದ, ತನಗೊಂದು, ನನಗೊಂದು. ಇಷ್ಟೇ ಇರುತ್ತವೆ ಎಂದಿದ್ದನಂತೆ ಮಾರಿದವನು. ಈಗ ಒಂದೊಂದನ್ನು ಎತ್ತಲು ಇಬ್ಬರು ಬೇಕು. ಅಣ್ಣನದು ದೊಡ್ಡದು, ನನ್ನದು ಸಣ್ಣದು. ಅದು ಹೇಗೆ ಹಾಗಾಯಿತು ಎಂದು ನಾನು ಇವತ್ತಿಗೂ ಕೇಳಿಲ್ಲ.

ಹೊಟ್ಟೆಗೂ ಬಿಸಿಲು

ಹೋದ ಬೇಸಿಗೆಯಲ್ಲಿ ದೊಡ್ಡದು ದೂರದಿಂದ ಬಂದು ಸಣ್ಣದಕ್ಕೆ ಢೀ ಕೊಡಲು ಶುರುಮಾಡಿತು. ಆಮೆ ಓಡುವುದಿಲ್ಲ ಎನ್ನುವವರು ಒಮ್ಮೆ ನಮ್ಮ ಹಿತ್ತಲಿಗೆ ಬರಬೇಕು. ಕೂಡಿ ಬೆಳೆದಿವೆ, ಲಾಡ ಮಾಡುತ್ತವೆ, ಮುದ್ದಾಟ ಅಷ್ಟೇ ಎಂದಳು ಅವ್ವ. ಒಂದು ಬೆಳಿಗ್ಗೆ ನನ್ನದು ಅಂಗಾತ ಬಿದ್ದು ನಾಲ್ಕೂ ಕಾಲು ಆಡಿಸುತ್ತಿತ್ತು. ಪಕ್ಕದಲ್ಲೇ ನಿಂತು ದೊಡ್ಡದು ಎರಡರ ಪಾಲಿನ ಸೊಪ್ಪನ್ನೂ ಮೇಯುತ್ತಿತ್ತು. ಅಣ್ಣನನ್ನು ಕರೆದು ತೋರಿಸಿದೆ. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದ.

"ಬಿಸಲ ಕಾಸ್ಕೊಳ್ಳಾಕತ್ತದ ತಮ್ಮಾ. ಹೊಟ್ಟೀಗೂ ಬಿಸಲ ಬೇಕಲ್ಲ."

ಭಂಡಾರ

ಜೇಜುರಿಯಲ್ಲಿ ಖಂಡೋಬನ ಗುಡಿಯ ಮುಂದೆ ಹಿತ್ತಾಳೆಯ ದೊಡ್ಡ ಆಮೆ ಇದೆ. ಅದರ ಮೇಲೆ ದಿನವೂ ಭಂಡಾರ, ಅಂದರೆ ದೇವರ ಅರಿಶಿನ ಪುಡಿ ಬೀಳುತ್ತದೆ. ಅದು ಇದುವರೆಗೆ ಯಾರಿಗೂ ಢೀ ಕೊಟ್ಟಿಲ್ಲ. ಅವ್ವನಿಗೆ ಇಷ್ಟು ಪುರಾವೆ ಸಾಕಾಯಿತು. ಒಂದು ಪೊಟ್ಟಣ ತರಿಸಿ ದೊಡ್ಡದರ ಚಿಪ್ಪಿನ ಮುಂದಿನ ಅಂಚಿಗೆಲ್ಲ ಬಳಿದಳು. ಸಣ್ಣದಕ್ಕೆ ಹಚ್ಚಲಿಲ್ಲ, ಅದು ಮೊದಲೇ ಶಾಂತವಾಗಿದೆಯಂತೆ.

ಸಂಜೆ ನೋಡಿದರೆ ಸಣ್ಣದರ ಬಲ ಪಕ್ಕೆಯಲ್ಲಿ ಐದು ಕಡೆ ಹಳದಿ ಗುರುತು. ಪೊಲೀಸರಿಗೂ ಇಂಥ ಸಾಕ್ಷಿ ಸಿಗುವುದಿಲ್ಲ. ಅಣ್ಣ ಬಗ್ಗಿ ಐದನ್ನೂ ಎಣಿಸಿ ನೋಡಿದ.

"ನಿಂದು ತಾನ ಬಂದು ಬಡಕೊಂಡದ."

ಚಿಕ್ಕಂದಿನಲ್ಲಿ ನನ್ನ ಮೂಗು ಒಡೆದಾಗಲೂ ಅಪ್ಪನಿಗೆ ಅವನು ಹೇಳಿದ್ದು ಇದೇ ಮಾತು.

ಡಾಕ್ಟರ ಪಥ್ಯ

ಶಿವಾಜಿನಗರದ ಪ್ರಾಣಿ ಡಾಕ್ಟರು ಸೋಲಾಪುರದ ಕಡೆಯವರು, ಕನ್ನಡ ಬಲ್ಲರು. ಎರಡೂ ಆಮೆಗಳನ್ನು ಹೊತ್ತುಕೊಂಡು ಮನೆಮಂದಿಯೆಲ್ಲ ಹೋದೆವು. ಅವರು ನೋಡಿ, ಎರಡೂ ಗಂಡು, ಇವು ಎಂದೂ ಹೊಂದಿಕೊಳ್ಳುವುದಿಲ್ಲ ಎಂದರು. ನಡುವೆ ಒಂದೂವರೆ ಅಡಿ ಗೋಡೆ ಬೇಕು, ಒಂದರ ಮುಖ ಇನ್ನೊಂದಕ್ಕೆ ಕಾಣಬಾರದು, ಊಟ ಬೇರೆ, ನೆರಳು ಬೇರೆ. ಮಧ್ಯಾಹ್ನದ ಬಿಸಿಲಲ್ಲಿ ಅಂಗಾತ ಬಿದ್ದರೆ ಸಣ್ಣದು ಉಳಿಯುವುದಿಲ್ಲ ಎಂದೂ ಎಚ್ಚರಿಸಿದರು. ನನ್ನ ಹೆಂಡತಿ ಮತ್ತು ಅಣ್ಣನ ಹೆಂಡತಿ ವೈನಿ ಮಾತ್ರ ಮುಂದಕ್ಕೆ ಸರಿದು ಕೂತರು.

"ಊಟ ಬ್ಯಾರೆ ಅಂದ್ರಲ್ರಿ," ಎಂದಳು ವೈನಿ, "ಅದನ್ನ ಇನ್ನೊಮ್ಮೆ ಹೇಳ್ರಿ."

ಗೋಡೆ

ಅಣ್ಣ ಒಪ್ಪಲಿಲ್ಲ. ಈ ಮನೆಯಲ್ಲಿ ಗೋಡೆ ಎತ್ತಬೇಡಿ ಎಂದು ಅಪ್ಪ ಸಾಯುವ ಮುಂದೆ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಣ್ಣ ತಂತಿ ಜಾಳಿಗೆ ಕಟ್ಟಿಸಿದ. ಮುಖ ಕಾಣುತ್ತಲೇ ಇತ್ತು. ನಾಲ್ಕನೆಯ ದಿನ ಜಾಳಿಗೆ ನೆಲಕ್ಕೆ ಮಲಗಿತ್ತು, ಮಟಮಟ ಮಧ್ಯಾಹ್ನದಲ್ಲಿ ಸಣ್ಣದು ಅಂಗಾತ ಬಿದ್ದಿತ್ತು, ಬಾಯಲ್ಲಿ ನೊರೆ. ಹೊರಳಿಸಿ ನೆರಳಿಗೆ ಎಳೆದು ನೀರು ಹಾಕಿದೆ. ಮುಟ್ಟಿದರೂ ತಲೆ ಒಳಗೆ ಎಳೆದುಕೊಳ್ಳಲಿಲ್ಲ. ಐವತ್ತು ದಾಟಿದವನು ಆಮೆಗಾಗಿ ಅಳಬಾರದು, ಆದರೆ ಅತ್ತುಬಿಟ್ಟೆ. ಅಣ್ಣ ದೂರ ನಿಂತು ನೋಡಿದ. ಸಂಜೆ ಅದು ಕಣ್ಣು ಬಿಟ್ಟ ಮೇಲೆ ತಾನೇ ಹೋಗಿ ಗೋಡೆ ಕಟ್ಟುವ ಗೌಂಡಿಯನ್ನು ಕರೆತಂದ.

ಗೋಡೆ ಒಂದೂವರೆ ಅಡಿ ಏರಿತು. ಎರಡಿರಲಿ, ಹತ್ತಿ ದಾಟಿಯಾವು ಎಂದ ಅಣ್ಣ. ಮೂರಿರಲಿ, ನೆರಳಾಗುತ್ತದೆ ಎಂದೆ ನಾನು. ನಾಲ್ಕು ಮಾಡಿದರೆ ಗಾಳಿ ತಡೆಯುತ್ತದೆ ಎಂದ ಅವನು. ಇಷ್ಟು ಮರ್ಯಾದೆಯಿಂದ ನಾವಿಬ್ಬರು ಮಾತಾಡಿ ಎಷ್ಟೋ ವರ್ಷವಾಗಿತ್ತು. ಏಳಡಿಗೆ ಅವನ ತಲೆ ನನಗೆ, ನನ್ನ ತಲೆ ಅವನಿಗೆ ಕಾಣದಾಯಿತು. ಇನ್ನು ಸಾಕು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ಆ ವಾರ ಒಲೆಯೂ ಎರಡಾಯಿತು.

ತಿಂಗಳ ಮೇಲೆ ಡಾಕ್ಟರು ನೋಡಲು ಬಂದರು. ಎರಡೂ ಆಮೆಗಳು ಮೈ ತುಂಬಿಕೊಂಡಿದ್ದವು. ಅವರು ಗೋಡೆಯನ್ನು ಕೆಳಗಿನಿಂದ ಮೇಲಿನ ತನಕ ನೋಡಿ, ಆಮೆಗೆ ಏಳಡಿ ಯಾಕೆ ಎಂದು ಕೇಳಿದರು. ನಾನು ಕೆಮ್ಮಿದೆ. ಗೋಡೆಯ ಆಚೆ ಅಣ್ಣನೂ ಕೆಮ್ಮಿದ. ಎರಡೂ ಕಡೆ ಕಾಣುವ ಹಾಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಅವ್ವ ಕೂತಿದ್ದಳು, ಮಡಿಲಲ್ಲಿ ಮೆಂತ್ಯದ ಸೊಪ್ಪು.

"ಕೆಳಗಿಂದು ಒಂದೂವರಿ ಫೂಟು ಆಮೀದ ರೀ ಡಾಕ್ಟರ್," ಎಂದಳು. "ಮ್ಯಾಲಿಂದು ಇವರದು."