ಬೀಗ ಹಾಕಿದ ಮನೆಯ ನೀರು

ಮೂರು ಅಂತಸ್ತಿನ ಮೂರು ಮನೆಗಳ ಕಕ್ಕಸಿನ ಭಾರವನ್ನು ಹೊತ್ತು ಹಿತ್ತಲ ಗೋಡೆಗುಂಟ ಇಳಿದಿದ್ದ ಬೀಡುಕಬ್ಬಿಣದ ಹಳೆಯ ಪೈಪು ಆ ಬೆಳಿಗ್ಗೆ ಉದ್ದಕ್ಕೆ ಸೀಳಿಕೊಂಡಿತು. ಅದೂ ಕೆಳಮನೆಯ ಸಂಕೋಚಪ್ಪ ಕಕ್ಕಸಿಗೆ ಹೊರಟ ಹೊತ್ತಿಗೆ ಸರಿಯಾಗಿ. ನೆರೆಹೊರೆಯವರು ಆ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಪರರ ಮನೆಯಲ್ಲಿ ಒಂದು ಲೋಟ ನೀರು ಕೇಳಲೂ ನಾಚುವವನು, ಇನ್ನು ಕಕ್ಕಸು ಕೇಳುವುದುಂಟೇ? ಹೊಟ್ಟೆ ಬಿಗಿಹಿಡಿದುಕೊಂಡು ಪ್ಲಂಬರನನ್ನು ಕರೆಸಿದ.

ಪ್ಲಂಬರ್ ಪೈಪನ್ನು ಕತ್ತರಿಸಿ ಕೆಳಗಿನ ತುಂಡನ್ನು ತೆಗೆದ. "ಹೊಸದು ಕೂರಿಸೋವರೆಗೂ ಯಾರೂ ನೀರು ಬಿಡಬಾರದು ಸಾರ್. ಬಿಟ್ರೆ ನನ್ನ ತಲೆ ಮೇಲೇನೇ."

ನಡುಮನೆಯ ನಿವೃತ್ತ ಮೇಷ್ಟ್ರು ಕೂಡಲೇ ಒಪ್ಪಿದರು. "ನಾನು ಶಿಸ್ತಿನ ಮನುಷ್ಯ ಕಣಯ್ಯ. ಸಂಜೆವರೆಗೂ ತಡೀತೀನಿ."

ಮೇಲಿನದು ಹಿಂದೆ ಟೈಪಿಸ್ಟ್ ಆಗಿದ್ದ ಒಂಟಿ ಅಜ್ಜಿಯ ಮನೆ. ಅಜ್ಜಿ ತೀರಿಕೊಂಡ ಮೇಲೆ ಅದಕ್ಕೆ ಬೀಗ ಬಿದ್ದಿತ್ತು, ನಲ್ಲಿಯ ಸಂಪರ್ಕವನ್ನೂ ಕಡಿದಿದ್ದರು.

ಪ್ಲಂಬರ್ ಬಗ್ಗಿದ್ದೇ ತಡ, ಮೇಲಿನಿಂದ ದಬದಬನೆ ನೀರು ಇಳಿಯಿತು. ತೊಯ್ದು ತೊಪ್ಪೆಯಾದ ಅವನ ಹಲ್ಲು ಕಟಕಟ ಎಂದವು. ಬಿರುಬಿಸಿಲಿನಲ್ಲೂ ಆ ನೀರು ಮೈ ಕೊರೆಯುವಷ್ಟು ತಣ್ಣಗಿತ್ತು.

ಸಂಕೋಚಪ್ಪ ಮೇಷ್ಟ್ರ ಮನೆಗೆ ಓಡಿದ. ಅವರು ಪೇಪರ್ ಓದುತ್ತ ಕೂತಿದ್ದರು. "ನಾನು ಕುರ್ಚಿಯಿಂದ ಎದ್ದೇ ಇಲ್ಲ," ಎನ್ನುತ್ತಿರುವಾಗಲೇ ಗೋಡೆಯಾಚೆ ಇನ್ನೊಮ್ಮೆ ನೀರು ಗುಳುಗುಳು ಇಳಿದುಹೋಯಿತು. ಇಬ್ಬರೂ ಸೂರು ನೋಡಿದರು. ಸಂಕೋಚಪ್ಪ ಹಿತ್ತಲಿಗೆ ಇಳಿದುಬಂದು ಪ್ಲಂಬರನಿಗೆ ವಿಷಯ ಹೇಳಿದ.

"ಅವರಿಗೂ ಒಂದು ಮಾತು ಹೇಳಿಬನ್ನಿ. ಇಲ್ದಿದ್ರೆ ನಾನು ಹೊರಟೆ," ಎಂದ ಪ್ಲಂಬರ್.

"ಯಾರಿಗೆ?"

"ಯಾರಿದ್ದಾರೋ ಅವರಿಗೆ."

"ಮರ್ಯಾದೆಯಿಂದ ಮಾತಾಡ್ರೀ, ವಯಸ್ಸಾದವರು," ಎಂದು ಸಂಕೋಚಪ್ಪನ ಹೆಂಡತಿ ಬೇರೆ ಎಚ್ಚರಿಸಿದಳು.

ಹೊಟ್ಟೆಯ ಒತ್ತಡ ಹೆದರಿಕೆಗಿಂತ ದೊಡ್ಡದು. ಸಂಕೋಚಪ್ಪ ಮೆಟ್ಟಿಲು ಹತ್ತಿದ. ತುಕ್ಕು ಹಿಡಿದ ಬೀಗದ ಮೇಲಿನ ಜೇಡರಬಲೆ ಹಾಗೇ ಇತ್ತು. "ಅಜ್ಜೀ, ಸಂಜೆವರೆಗೂ ದಯವಿಟ್ಟು ಅದೊಂದನ್ನ..." ಎಂದವನು ಮುಂದಿನದನ್ನು ಹೇಳಲು ನಾಚಿ ನೆಲ ನೋಡಿದ.

ಬಾಗಿಲಿನ ಒಳಗಡೆ, ತೀರ ಹತ್ತಿರದಿಂದ ಯಾರೋ ಹೇಳಿದರು: "ಆಗಲಿ ಮಗು."

ಅವನು ಹೇಗೆ ಕೆಳಗಿಳಿದನೋ ಅವನಿಗೇ ಗೊತ್ತಿಲ್ಲ. ಆದರೆ ಆಮೇಲೆ ಒಂದು ಹನಿಯೂ ಬೀಳಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಹೊಸ ಪ್ಲಾಸ್ಟಿಕ್ ಪೈಪು ನಿಂತಿತು. ಪ್ಲಂಬರ್ ಏಣಿಯಿಂದ ಇಳಿದು ಕೈ ಒರೆಸಿಕೊಂಡ. "ಆ ಖಾಲಿ ಮನೆಯಿಂದ ಬರೋ ಪೈಪಿಗೆ ಮುಚ್ಚಳ ಜಡಿದಿದ್ದೀನಿ ಸಾರ್. ಇನ್ನು ಆ ಕಾಟ ಇಲ್ಲ."

ಮೇಷ್ಟ್ರು ಶಿಸ್ತು ಮರೆತು ತಮ್ಮ ಮನೆಗೆ ಓಡಿದರು. ಸಂಕೋಚಪ್ಪ ತನ್ನ ಕಕ್ಕಸಿಗೆ ಓಡಿದ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು.

"ಬೇಗ ಬಾರೇ, ನನ್ನ ಕೈಲಾಗಲ್ಲ," ಎಂದು ಬಡಿದ.

"ನಾನಿಲ್ಲೇ ಇದ್ದೀನಲ್ರೀ," ಎಂದಳು ಹೆಂಡತಿ, ಬೆನ್ನ ಹಿಂದಿನಿಂದ. ಆ ಮನೆಯಲ್ಲಿ ಇದ್ದವರು ಅವರಿಬ್ಬರೇ.

"ಸ್ವಲ್ಪ ತಡ್ಕೋ ಮಗು," ಎಂದಿತು ಒಳಗಿನ ದನಿ. "ನೀನು ಹೇಳಿದೆ ಅಂತ ನಾನೂ ಸಂಜೆವರೆಗೂ ತಡ್ಕೊಂಡೆ. ನೋಡಿದ್ರೆ ನನ್ನದನ್ನ ಮುಚ್ಚೇ ಬಿಟ್ಟಿದ್ದೀರಿ. ಇನ್ಮೇಲೆ ದಿನಾ ಇಲ್ಲಿಗೇ ಬರ್ತೀನಿ, ಬೇಜಾರಿಲ್ಲ ತಾನೇ?"

ಬೇಜಾರಿದೆ ಎನ್ನಲು ಸಂಕೋಚಪ್ಪನಿಗೆ ಬಾಯಿ ಬರಲಿಲ್ಲ. "ಪರವಾಗಿಲ್ಲ ಅಜ್ಜಿ, ನಿಧಾನವಾಗಿ ಆಗಲಿ," ಎಂದು ಕಾಲಿಗೆ ಕಾಲು ಹೆಣೆದುಕೊಂಡು ನಿಂತ.